ಎಡೆಲಿಪ್ಪ ಒಂದು ವರ್ಷ

ಕಳುದ ತಿಂಗಳು ಒಂದು ಆಯಿತ್ಯವಾರ ಉದಿಯಪ್ಪಗ ಎಂಗಳ ಅಡಿಗೆ ಒಳ ಉದ್ದಿನ ದೋಸೆ ಆಗಿಯೊಂಡಿತ್ತು. ಮಗಳು ಸೆಕೆಂಡ್ ಪಿಯುಸಿ ಮುಗುಶಿ ಮನೆಲಿ ಇದ್ದು. ಮಾರ್ಕು ಒಳ್ಳೆದೇ ಬೈಂದು. ಏವ ಕಾಲೇಜು, ಏವ ಕೋರ್ಸು ಹೇಳುವ ಮಾತುಕತೆ ಎರಡು ತಿಂಗಳಿಂದ ನೆಡಕ್ಕೊಂಡೇ ಇದ್ದು. ಆನು ಮೂರನೇ ದೋಸೆ ಕವುಂಚಿ ಹಾಕುವಗ ಅದು ಮೆಲ್ಲಂಗೆ ಹೇಳಿತ್ತು: "ಅಬ್ಬೆ, ಆನು ಈ ವರ್ಷ ಎಲ್ಲಿಗೂ ಸೇರ್ತಿಲ್ಲೆ. ಬಪ್ಪ ವರ್ಷ ಸೇರ್ತೆ. ಒಂದು ವರ್ಷ ಅಜ್ಜನ ಮನೆಲಿ ಇರ್ತೆ."

ಇವು ಓದಿಗೊಂಡಿದ್ದ ಪೇಪರಿನ ಮಡುಸಿ ಮಡಗಿದವು. "ಒಂದು ವರ್ಷ ಹಾಳು ಮಾಡ್ಲೆ ಎಂತ ಆಯಿದು ನಿನಗೆ?"

"ಹಾಳು ಮಾಡುದಲ್ಲ ಅಪ್ಪ. ಎನಗೆ ಎಂತ ಕಲಿಯೆಕ್ಕು ಹೇಳಿಯೇ ಗೊಂತಿಲ್ಲೆ. ದನಗಳ ಡಾಕ್ಟ್ರ ಆಯೆಕ್ಕು ಹೇಳಿ ಕಾಣ್ತು, ಆದರೆ ಅದು ಬರೀ ಆಶೆಯೋ ಎಂತದೋ. ಅಲ್ಲಿ ಉದಿಯಪ್ಪಗ ಹಾಲಿನ ಸೊಸೈಟಿಲಿ ಕೆಲಸಕ್ಕೆ ಆರಾದರೂ ಬೇಕು ಹೇಳಿದ್ದವಡ. ಅಜ್ಜನ ಹಟ್ಟಿಲಿ ನಾಕು ದನ ಇದ್ದು. ಒಂದು ವರ್ಷ ನೋಡ್ತೆ. ಹೆರ ಎಲ್ಲ ಇದಕ್ಕೆ ಗ್ಯಾಪ್ ಇಯರ್ ಹೇಳ್ತವು."

ಆನು ಎಂತದೂ ಹೇಳಿದ್ದಿಲ್ಲೆ. ಕಾವಲಿಗೆಲಿ ಇದ್ದ ದೋಸೆ ಕರಂಚಿತ್ತು. ಎನ್ನ ಮನಸ್ಸಿಂಗೆ ಸುರುವಿಂಗೆ ಬಂದದು ಮಗಳ ಮೋರೆ ಅಲ್ಲ, ಎನ್ನ ಅಕ್ಕನ ಮೋರೆ. ಅದೆಂತಕೆ ಹೇಳಿ ಮತ್ತೆ ಹೇಳ್ತೆ.

ಹೆದರಿಕೆ ಇದ್ದರೆ ಎನಗೆ ಓದುದು ಅಭ್ಯಾಸ. ಶಾಲೆಲಿ ಚರಿತ್ರೆ ಪಾಠ ಮಾಡಿಯೊಂಡು ಹದಿನೈದು ವರ್ಷ ಆತು. ಮಗಳು ಹೇಳಿದ ಈ ಗ್ಯಾಪ್ ಇಯರ್ ಹೇಳುದು ಎಲ್ಲಿಂದ ಬಂತು, ಆರು ಸುರು ಮಾಡಿದ್ದು, ಅದರಿಂದ ಆರಿಂಗೆ ಎಂತ ಆತು ಹೇಳಿ ಹುಡ್ಕಿಗೊಂಡು ಹೋದೆ. ಸಿಕ್ಕಿದ್ದರ ನಿಂಗೊಗೂ ಹೇಳ್ತೆ. ಮನೆಲಿ ಪಿಯುಸಿ ಮುಗುಶಿದ ಮಕ್ಕೊ ಇಪ್ಪವಕ್ಕೆ ಉಪಕಾರ ಅಕ್ಕು.

ಮದಲು ಶಬ್ದ ನೋಡುವ. ಅದೇ ಒಂದು ವರ್ಷಕ್ಕೆ ನಮ್ಮಲ್ಲಿ "ವರ್ಷ ಹಾಳಾತು" ಹೇಳ್ತವು, ಇಲ್ಲದ್ದರೆ "ಮನೆಲಿ ಕೂಯಿದು" ಹೇಳ್ತವು. ಇಂಗ್ಲೆಂಡಿನವು ಅದಕ್ಕೆ ಎಡೆ ಹೇಳುವ ಅರ್ಥದ ಹೆಸರು ಮಡಗಿದವು. ಡೆನ್ಮಾರ್ಕಿನವು ಸಬ್ಬತ್ ವರ್ಷ ಹೇಳ್ತವು, ಹೇಳಿರೆ ಬಚ್ಚಲು ತಣಿಶುವ ವರ್ಷ. ಹೆಸರು ಬೇರೆ ಆದರೆ ಮನೆಯವರ ಮೋರೆದೇ ಬೇರೆ ಆವ್ತು.

ಹದಿನೇಳು, ಹದಿನೆಂಟನೇ ಶತಮಾನಲ್ಲಿ ಇಂಗ್ಲೆಂಡಿನ ದೊಡ್ಡ ಮನೆತನದ ಮಾಣಿಯಂಗೊ ಫ್ರಾನ್ಸ್, ಇಟಲಿ ತಿರುಗಿಕ್ಕಿ ಬಪ್ಪ ಕ್ರಮ ಇತ್ತು, ಒಟ್ಟಿಂಗೆ ಒಬ್ಬ ಮೇಷ್ಟ್ರು. ಅದರ ಗ್ಯಾಪ್ ಇಯರಿನ ಅಜ್ಜ ಹೇಳಿ ಸುಮಾರು ಜೆನ ಬರೆತ್ತವು. ಎನಗೆ ಹಾಂಗೆ ಕಾಣ್ತಿಲ್ಲೆ. ಅದು ಪೈಸೆ ಇದ್ದವರ ತಿರುಗಾಟ. ನಮ್ಮ ಹಾಂಗಿಪ್ಪ ಬೇಸಾಯದ ಮನೆಗಳ ಮಕ್ಕೊಗೆ ಬೇಕಾಗಿ ಆರಾದರೂ ಇಂತಾದ್ದೊಂದರ ಯೋಚನೆ ಮಾಡಿದ್ದಿದ್ದರೆ ಅದು ಡೆನ್ಮಾರ್ಕಿನವು.

ಅಲ್ಲಿ ಗ್ರುಂಟ್ವಿಗ್ ಹೇಳಿ ಒಬ್ಬ ಪಾದ್ರಿ ಇತ್ತಿದ್ದವು, ಕವಿಯೂ ಅಪ್ಪು. ಬಾಯಿಪಾಠ ಮಾಡ್ಸಿ ಪರೀಕ್ಷೆ ಬರಶುವ ಶಾಲೆಗೊ ಜೀವ ಇಲ್ಲದ್ದವು ಹೇಳುದು ಅವರ ವಾದ. ಅವರ ಆಲೋಚನೆಂದ 1844ರಲ್ಲಿ ರೊಡ್ಡಿಂಗ್ ಹೇಳುವ ಊರಿಲಿ ಮದಲಾಣ ಜನತಾ ಪ್ರೌಢಶಾಲೆ ಸುರು ಆತು. ಬೇಸಾಯಗಾರರ ಜವ್ವನಿಗ ಮಕ್ಕೊ ಅಲ್ಲಿಯೇ ಉಂಡು, ಅಲ್ಲಿಯೇ ಮನುಗಿ, ಚರಿತ್ರೆ, ಸಾಹಿತ್ಯ, ಪದ, ಚರ್ಚೆ ಹೇಳಿ ಕಲಿವದು. ಗದ್ದೆ ಕೆಲಸ ಇಲ್ಲದ್ದ ಚಳಿಗಾಲಲ್ಲಿ ಗೆಂಡುಮಕ್ಕೊಗೆ, ಮುಂದೆ ಬೇಸಗೆಲಿ ಹೆಮ್ಮಕ್ಕೊಗೆ. ಪರೀಕ್ಷೆ ಇಲ್ಲೆ, ಮಾರ್ಕು ಇಲ್ಲೆ. ಈಗಳೂ ಡೆನ್ಮಾರ್ಕು, ನಾರ್ವೆಲಿ ಇಂತಾ ಶಾಲೆಗೊ ಇದ್ದು. ಹೈಸ್ಕೂಲು ಮುಗುಶಿದ ಮಕ್ಕೊ ಯೂನಿವರ್ಸಿಟಿಗೆ ಸೇರುವ ಮದಲು ಕೆಲವು ತಿಂಗಳು ಅಲ್ಲಿ ಹೋಗಿ ಇರ್ತವು. ಮಾರ್ಕು ಇಲ್ಲದ್ದ ಶಾಲೆ ಹೇಳಿರೆ ನಮ್ಮವಕ್ಕೆ ನೆಗೆ ಬಕ್ಕು. ನೂರೆಂಬತ್ತು ವರ್ಷಂದ ನೆಡೆತ್ತಾ ಇದ್ದನ್ನೆ!

ಇನ್ನು ಇಂಗ್ಲೆಂಡಿನ ಕತೆ. ಅಲ್ಲಿ ಎರಡನೇ ಮಹಾಯುದ್ಧ ಮುಗುದ ಮತ್ತೆಯೂ ಹದಿನೆಂಟು ವರ್ಷ ಆದ ಮಾಣಿಯಂಗೊ ಕಡ್ಡಾಯವಾಗಿ ಸೈನ್ಯಲ್ಲಿ ಕೆಲಸ ಮಾಡೆಕ್ಕಾಗಿತ್ತು. 1950ರಿಂದ ಎರಡು ವರ್ಷ. ಅಂಬಗ ಶಾಲೆ ಮತ್ತೆ ಯೂನಿವರ್ಸಿಟಿಯ ಎಡೆಲಿ ಒಂದು ದೊಡ್ಡ ಎಡೆ ಇದ್ದೇ ಇತ್ತು, ಆದರೆ ಅದು ಸರಕಾರದ್ದು. 1957ರಲ್ಲಿ ಸರಕಾರ ಈ ಕಡ್ಡಾಯ ನಿಲ್ಸುತ್ತೆಯೊ ಹೇಳಿತ್ತು. ಅಕೇರಿಯಾಣ ಮಾಣಿಯಂಗಳ ತೆಕ್ಕೊಂಡದು 1960ರಲ್ಲಿ. ಹಾಂಗಾಗಿ ಶಾಲೆ ಮುಗುಶಿ ಯೂನಿವರ್ಸಿಟಿ ಬಾಗಿಲಿಲಿ ಕಾದು ನಿಂಬ ಮಕ್ಕೊ ಹೆಚ್ಚಾದವು. ಸುಮಾರು ಜೆನಕ್ಕೆ ಒಂದು ವರ್ಷ ಕೈಲಿ ಒಳುದತ್ತು. ಅದರ ಎಂತ ಮಾಡುದು?

ಅಲೆಕ್ ಡಿಕ್ಸನ್, ಮೋರಾ ಡಿಕ್ಸನ್ ಹೇಳಿ ಗೆಂಡ-ಹೆಂಡತಿ ಇದಕ್ಕೆ ಒಂದು ದಾರಿ ಹುಡ್ಕಿದವು. ಆ ಮಕ್ಕಳ ಹೆರದೇಶಕ್ಕೆ ಕಳುಸುವ, ಶಾಲೆಲಿ ಪಾಠ ಮಾಡಲಿ, ಊರಕೆಲಸ ಮಾಡಲಿ, ಊಟ, ವಸತಿ, ಕೈಖರ್ಚಿಂಗೆ ರಜ ಪೈಸೆ ಸಿಕ್ಕಿರೆ ಸಾಕು ಹೇಳಿ. 1958ರ ಮಾರ್ಚಿಲಿ ಪೋರ್ಟ್ಸ್‌ಮತ್ತಿನ ಬಿಷಪ್ಪ ಈ ಬಗ್ಗೆ ಸಂಡೇ ಟೈಮ್ಸ್ ಪೇಪರಿಂಗೆ ಒಂದು ಕಾಗದ ಬರದವು. ಅದಕ್ಕೆ ಇದ್ದ ತಲೆಬರಹ ಎಡೆಲಿಪ್ಪ ವರ್ಷ ಹೇಳುವ ಅರ್ಥದ್ದು. ಎನ್ನ ಈ ಬರಹಕ್ಕೆ ಹೆಸರು ಸಿಕ್ಕಿದ್ದು ಅಲ್ಲಿಂದಲೇ. ಅದೇ ವರ್ಷ ಶಾಲೆ ಮುಗುಶಿದ ಮಾಣಿಯಂಗಳ ಮದಲಾಣ ತಂಡ ಘಾನಾ, ಬೋರ್ನಿಯೋ ದ್ವೀಪದ ಸಾರವಾಕ್ ಹೇಳಿ ಹೆರಟತ್ತು. ಈಗ ವಿಎಸ್‌ಒ ಹೇಳುವ ದೊಡ್ಡ ಸಂಸ್ಥೆ ಸುರು ಆದ್ದು ಹೀಂಗೆ, ಆ ಗೆಂಡ-ಹೆಂಡತಿಯ ಮನೆಂದ.

ಹದಿನೆಂಟು ವರ್ಷದ ಮಾಣಿ, ಕೈಲಿ ಎಂತ ಕಸುಬೂ ಇಲ್ಲೆ, ದೂರದ ಊರಿಂಗೆ ಹೋಗಿ ಅಲ್ಯಾಣವಕ್ಕೆ ಎಂತ ಉಪಕಾರ ಮಾಡುಗು? ಈ ಪ್ರಶ್ನೆ ಅಂಬಗಳೇ ಎದ್ದತ್ತು. ಘಾನಾ 1957ರಲ್ಲಷ್ಟೇ ಸ್ವತಂತ್ರ ಆದ್ದು. ಅಂತಾ ಹೊಸ ದೇಶಂಗೊಕ್ಕೆ ಬೇಕಾದ್ದು ತರಬೇತಿ ಆದ ಮೇಷ್ಟ್ರಕ್ಕೊ, ಇಂಜಿನಿಯರಕ್ಕೊ, ಡಾಕ್ಟ್ರಕ್ಕೊ. 1962ರಿಂದ ವಿಎಸ್‌ಒ ಡಿಗ್ರಿ ಆದವರನ್ನೂ ಕಳುಸುಲೆ ಸುರು ಮಾಡಿತ್ತು, ಬರ್ತಾ ಬರ್ತಾ ಶಾಲೆಮಕ್ಕಳ ಕಳುಸುದು ನಿಂದತ್ತು. ಡಿಕ್ಸನ್ನಂಗೆ ಮಕ್ಕಳ ಮೇಲೆಯೇ ವಿಶ್ವಾಸ. ಅವು ಅದರ ಬಿಟ್ಟು, ಅದೇ 1962ರಲ್ಲಿ ಇಂಗ್ಲೆಂಡಿನ ಒಳವೇ ಮಕ್ಕೊ ಸೇವೆ ಮಾಡುವ ಬೇರೆ ಸಂಸ್ಥೆ ಕಟ್ಟಿದವು. ಆ ವರ್ಷ ಆರಿಂಗೆ ಬೇಕಾಗಿ ಹೇಳುವ ಪ್ರಶ್ನೆ ಮಾಂತ್ರ ಈಗಳೂ ಮುಗುದ್ದಿಲ್ಲೆ. ಎನಗೆ ಕಾಂಬದು, ಹೋದ ಮಾಣಿ ಅಲ್ಯಾಣವಕ್ಕೆ ಕೊಟ್ಟದ್ದಕ್ಕಿಂತ ಅಲ್ಲಿಂದ ತಂದದೇ ಜಾಸ್ತಿ ಆದಿಕ್ಕು ಹೇಳಿ.

ಎಡೆ ಅಪ್ಪಲೆ ಇನ್ನೊಂದು ಕಾರಣವೂ ಇತ್ತು, ಅದು ಪಕ್ಕಾ ಆಫೀಸಿನ ಕಾರಣ. ಆಕ್ಸ್‌ಫರ್ಡ್, ಕೇಂಬ್ರಿಡ್ಜಿಂಗೆ ಸೇರೆಕ್ಕಾರೆ ಬೇರೆ ಪ್ರವೇಶ ಪರೀಕ್ಷೆ. ಶಾಲೆಯ ಅಕೇರಿಯಾಣ ಪರೀಕ್ಷೆ ಬೇಸಗೆಲಿ ಮುಗಿವದು. ಸುಮಾರು ಮಕ್ಕೊ ಮತ್ತೂ ಒಂದು ಟರ್ಮು ಶಾಲೆಲಿಯೇ ನಿಂದು ನವೆಂಬರಿನ ಹೊತ್ತಿಂಗೆ ಈ ಪರೀಕ್ಷೆ ಬರವದು. ಕ್ರಿಸ್ಮಸ್ಸಿನ ಹೊತ್ತಿಂಗೆ ಸೀಟು ಗೊಂತಕ್ಕು. ಆದರೆ ಕಾಲೇಜು ಸುರು ಅಪ್ಪದು ಬಪ್ಪ ಅಕ್ಟೋಬರಿಲಿ! ಒಂಬತ್ತು ತಿಂಗಳು ಕೈಲಿ ಸೀಟು, ಮನೆಲಿ ಕೆಲಸ ಇಲ್ಲೆ. ಕೆಲವು ಜೆನ ಅಂಗಡಿಲಿ, ಫಾರ್ಮಿಲಿ ದುಡುದು ಪೈಸೆ ಮಾಡಿಗೊಂಡು ಬಸ್ಸು ಹತ್ತುದು. ಇಸ್ತಾನ್‌ಬುಲ್, ತೆಹ್ರಾನ್, ಕಾಬೂಲ್, ಅಲ್ಲಿಂದ ದೆಹಲಿ. ಎಪ್ಪತ್ತರ ದಶಕಲ್ಲಿ ನಮ್ಮ ದೇಶಕ್ಕೆ ಬಂದ ಉದ್ದ ತಲೆಕಸವಿನ ಬೆಳಿ ಮಕ್ಕಳಲ್ಲಿ ಇಂತವೂ ಇತ್ತಿದ್ದವು. 1979ರಲ್ಲಿ ಇರಾನಿಲಿ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ರಷ್ಯದ ಸೈನ್ಯ. ಆ ದಾರಿ ಮುಚ್ಚಿತ್ತು. ಎಂಬತ್ತರ ದಶಕಲ್ಲಿ ಆ ಹೆಚ್ಚಿನ ಟರ್ಮಿನ ಪರೀಕ್ಷೆಯೂ ಹೋತು. ಆದರೆ ಒಂದು ವರ್ಷ ಬಿಟ್ಟು ಸೇರುವ ಅಭ್ಯಾಸ ಹೋಯಿದಿಲ್ಲೆ.

ಎಂತಕೆ ಹೇಳಿರೆ ಅಷ್ಟಪ್ಪಗ ಅದರ ನೆಡೆಶುವ ಸಂಸ್ಥೆಗೊ ಹುಟ್ಟಿತ್ತಿದ್ದವು. 1967ರಲ್ಲಿ ನಿಕೊಲಸ್ ಮೆಕ್ಲೀನ್-ಬ್ರಿಸ್ಟಲ್ ಹೇಳುವವು ಪ್ರಾಜೆಕ್ಟ್ ಟ್ರಸ್ಟ್ ಸುರು ಮಾಡಿ ಮಕ್ಕಳ ಮದಲು ಇಥಿಯೋಪಿಯಕ್ಕೆ ಕಳುಸಿದವು. 1972ರಲ್ಲಿ ಗ್ಯಾಪ್ ಹೇಳುವ ಹೆಸರೇ ಮಡಿಕ್ಕೊಂಡು ಇನ್ನೊಂದು ಸಂಸ್ಥೆ ಬಂತು. ಇದೆಲ್ಲದಕ್ಕಿಂತ ದೊಡ್ಡದು, ಅಲ್ಯಾಣ ಅರ್ಜಿಲಿಯೇ ಒಂದು ದಾರಿ ಇದ್ದು: ಈ ವರ್ಷ ಅರ್ಜಿ ಹಾಕಿ, ಈ ವರ್ಷವೇ ಸೀಟು ಮಾಡಿಗೊಂಡು, ಬಪ್ಪ ವರ್ಷ ಸೇರ್ತೆ ಹೇಳಿ ಬರವಲಕ್ಕು. ಕಾಲೇಜು ಒಪ್ಪಿರೆ ಸೀಟು ಕಾದು ಮಡುಗುತ್ತು. ಅಮೇರಿಕದ ಹಾರ್ವರ್ಡಿಲಿ ಸೀಟು ಸಿಕ್ಕಿದ ಮಕ್ಕೊಗೆ, ಬೇಕಾರೆ ಒಂದು ವರ್ಷ ಕಳುದು ಬನ್ನಿ ಹೇಳಿ ಅವ್ವೇ ಹೇಳ್ತವು. ಒಬಾಮನ ದೊಡ್ಡ ಮಗಳು 2016ರಲ್ಲಿ ಶಾಲೆ ಮುಗುಶಿ, ಒಂದು ವರ್ಷ ಬಿಟ್ಟು 2017ರಲ್ಲಿ ಅಲ್ಲಿಗೆ ಸೇರಿದ್ದು.

ಇಂಗ್ಲೆಂಡಿನ ರಾಜಕುಮಾರ ವಿಲಿಯಂ ಕೂಡ 2000ಲ್ಲಿ ಶಾಲೆ ಮುಗುಶಿ ಒಂದು ವರ್ಷ ಬಿಟ್ಟ. ಬೆಲೀಜಿಲಿ ಸೈನಿಕರ ಒಟ್ಟಿಂಗೆ ಕಾಡು ತಿರುಗಿದ, ಚಿಲಿ ದೇಶಲ್ಲಿ ಊರಕೆಲಸ ಮಾಡಿದ, ಕೀನ್ಯಕ್ಕೆ ಹೋದ, ಇಂಗ್ಲೆಂಡಿಲಿಯೇ ಒಂದು ಹಾಲಿನ ದನಗಳ ಫಾರ್ಮಿಲಿ ಕೆಲಸವೂ ಮಾಡಿದ. ಇದರ ಓದಿ ಎನಗೆ ನೆಗೆ ಬಂತು. ರಾಣಿಯ ಪುಳ್ಳಿ ಹಟ್ಟಿಲಿ ಕೆಲಸ ಮಾಡಿರೆ ಗ್ಯಾಪ್ ಇಯರು. ನಮ್ಮ ಮಾಣಿ ಮಾಡಿರೆ, "ಪಾಪ, ಓದು ತಲಗೆ ಹತ್ತಿದ್ದಿಲ್ಲೆ!"

ಹೇಳಿ ಅಲ್ಲಿ ಎಲ್ಲೋರಿಂಗೂ ಇದು ಸಸಾರ ಹೇಳಿ ಅಲ್ಲ. 1998ರಲ್ಲಿ ಅಲ್ಯಾಣ ಯೂನಿವರ್ಸಿಟಿಗಳಲ್ಲಿ ವರ್ಷಕ್ಕೆ 1,000 ಪೌಂಡು ಫೀಸು ಬಪ್ಪಲಿದ್ದು ಹೇಳಿ ಗೊಂತಪ್ಪಗ 1997ರಲ್ಲಿಯೇ ಸೇರಿಗೊಂಬಲೆ ಮಕ್ಕೊ ನೂಕುನುಗ್ಗಲು ಮಾಡಿದವು. 2012ರಿಂದ ಫೀಸು 9,000 ಪೌಂಡಿನ ವರೆಗೆ ಏರಿತ್ತು. ಅದರ ಹಿಂದಾಣ ವರ್ಷವೂ ಇದೇ ಕತೆ, ಎಡೆ ಬೇಡ, ಈಗಳೇ ಸೇರುವ ಹೇಳಿ. ಪೈಸೆಯ ಲೆಕ್ಕ ಬಂದರೆ ಎಲ್ಲಾ ದೇಶದ ಅಪ್ಪ-ಅಬ್ಬೆಯೂ ಒಂದೇ ನಮೂನೆ. ಡೆನ್ಮಾರ್ಕಿನ ಸರಕಾರವೇ ಒಂದರಿ ಮಕ್ಕೊ ತಡವು ಮಾಡ್ತವು ಹೇಳಿ ತಲೆಬೆಶಿ ಮಾಡಿತ್ತು. ಶಾಲೆ ಮುಗುದು ಎರಡು ವರ್ಷದ ಒಳ ಕಾಲೇಜಿಂಗೆ ಅರ್ಜಿ ಹಾಕಿದವರ ಸರಾಸರಿ ಮಾರ್ಕಿನ 1.08ರಿಂದ ಗುಣಿಸಿ ಹೆಚ್ಚು ಮಾಡಿ ಕೊಟ್ಟೊಂಡಿತ್ತು. ಅಂತೇ ಬಂದ ಆ ಮಾರ್ಕಿನ ಆಶೆಗೆ ಮಕ್ಕೊ ಓಡಿ ಓಡಿ ಸೇರ್ತವು ಹೇಳುವ ಟೀಕೆ ಬಂತು. ಮತ್ತೆ ಆ ಕ್ರಮವ ತೆಗದವು.

ಇಸ್ರೇಲಿನ ಮಕ್ಕೊಗೆ ಮಾಂತ್ರ ಈಗಳೂ ಈ ಎಡೆ ಕಡ್ಡಾಯ. ಹದಿನೆಂಟಕ್ಕೆ ಸೈನ್ಯ, ಗೆಂಡುಮಕ್ಕೊಗೆ ಎರಡೂವರೆ ವರ್ಷಕ್ಕಿಂತ ಜಾಸ್ತಿ, ಕೂಸುಗೊಕ್ಕೆ ಸುಮಾರು ಎರಡು. ಅದು ಮುಗುಶಿಕ್ಕಿ, ಕಾಲೇಜಿಂಗೆ ಸೇರುವ ಮದಲು ಕೆಲವು ತಿಂಗಳು ದೇಶ ತಿರುಗುತ್ತವು. ಗೋಕರ್ಣಕ್ಕೆ ಹೋದವು ಅಲ್ಯಾಣ ಕಡಲಕರೆಲಿ ಅವರ ನೋಡಿಪ್ಪಿ. ಆನೂ ನೋಡಿದ್ದೆ. ಇಷ್ಟು ದಿನ ಎಂತಕೆ ಹೀಂಗೆ ಸುಮ್ಮನೆ ಕೂರ್ತವಪ್ಪಾ ಹೇಳಿ ಗ್ರೇಶಿತ್ತಿದ್ದೆ. ಈಗ ಹಾಂಗೆ ಗ್ರೇಶುತ್ತಿಲ್ಲೆ.

ಇಷ್ಟೆಲ್ಲ ಓದಿ ಎನಗೆ ಗೊಂತಾದ್ದು ಒಂದೇ ಸಂಗತಿ. ನಮ್ಮ ತೋಟಲ್ಲಿ ತೋಡಿಂಗೆ ಅಡಕ್ಕೆ ಮರದ ಸಂಕ ಹಾಕುತ್ತಲ್ಲದೋ? ಈಚ ಕರೆಲಿ ಎಷ್ಟು ಗಟ್ಟಿ ಊರಿರೂ ಸಾಲ, ಆಚ ಕರೆಲಿ ಕೊಡಿ ಗಟ್ಟಿ ನೆಲಕ್ಕೆ ಮುಟ್ಟೆಕ್ಕು. ಅಲ್ಯಾಣ ಮಕ್ಕೊಗೆ ಆಚ ಕರೆಲಿ ಸೀಟು ಕಾದೊಂಡಿರ್ತು. ಹಾಂಗಾಗಿ ಅದು ಎಡೆ. ಆಚ ಕರೆ ಇಲ್ಲದ್ದರೆ ಅದು ಎಡೆ ಅಲ್ಲ, ಬರೀ ತೋಡು.

ನಮ್ಮ ಊರಿಲಿ ಎಡೆಲಿಪ್ಪ ವರ್ಷಂಗೊ ಇತ್ತಿಲ್ಲೆಯೋ? ಇತ್ತು, ಬೇಕಾದಷ್ಟು. 1920ರಲ್ಲಿ ಗಾಂಧೀಜಿ ಮಂಗಳೂರಿಂಗೆ ಬಂದಿತ್ತಿದ್ದವು. ಅದೇ ವರ್ಷದ ಅಕೇರಿಗೆ ನಾಗಪುರದ ಕಾಂಗ್ರೆಸ್ ಅಧಿವೇಶನಲ್ಲಿ ಅಸಹಕಾರದ ನಿರ್ಣಯ ಆತು. ಸರಕಾರದ ಶಾಲೆ-ಕಾಲೇಜು ಬಿಡಿ ಹೇಳುವ ಕರೆ ಅದರಲ್ಲಿ ಇತ್ತು. ಕೋಟದ ಶಿವರಾಮ ಕಾರಂತರು ಅಂಬಗ ಮಂಗಳೂರಿಲಿ ಕಾಲೇಜಿಂಗೆ ಹೋಗಿಯೊಂಡಿದ್ದ ಮಾಣಿ. ಆ ಚಳುವಳಿಗೆ ಬೇಕಾಗಿ ಕಾಲೇಜು ಬಿಟ್ಟವು. 1922ರ ಫೆಬ್ರವರಿಲಿ ಚೌರಿಚೌರಾದ ಮತ್ತೆ ಗಾಂಧೀಜಿ ಚಳುವಳಿ ನಿಲ್ಸಿದವು, ದೇಶಲ್ಲಿ ಸುಮಾರು ಮಕ್ಕೊ ವಾಪಾಸು ಕಾಲೇಜಿಂಗೆ ಹೋದವು. ಕಾರಂತರು ಹೋಯಿದವಿಲ್ಲೆ. ಅವರ ಎಡೆ ಮುಗುದ್ದೇ ಇಲ್ಲೆ. ಅವಕ್ಕೆ ಪುತ್ತೂರಿನ ಬಾಲವನ, ಯಕ್ಷಗಾನ, ಕಾದಂಬರಿ, ಹೇಳಿ ಹತ್ತು ಕರೆ ಇತ್ತು. ಆದರೆ ಕಾರಂತರ ತೋರ್ಸಿ ಮಕ್ಕೊಗೆ ಧೈರ್ಯ ಹೇಳುದು ಸರಿ ಅಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಮಕ್ಕೊ ಕಾರಂತರಲ್ಲ.

ಎನ್ನ ಅಪ್ಪಂದು ಬೇರೆ ಕತೆ. ಅಪ್ಪ ಎಸ್ಸೆಸ್ಸೆಲ್ಸಿ ಪಾಸಾದ್ದು 1971ರಲ್ಲಿ. ಆ ವರ್ಷಂಗಳಲ್ಲಿ ಅಡಕ್ಕೆ ಕ್ರಯ ಬಿದ್ದದರ ಹಳಬರು ಈಗಳೂ ಹೇಳುಗು. ವ್ಯಾಪಾರಿ ಹೇಳಿದ್ದೇ ಕ್ರಯ, ಮನೆಲಿ ಅಡಕ್ಕೆ ರಾಶಿ ಇದ್ದರೂ ಕೈಲಿ ಪೈಸೆ ಇಲ್ಲೆ. ಅಜ್ಜ ಹೇಳಿದವಡ, "ಈ ವರ್ಷ ಎಡಿಯ ಮಗಾ. ಬಪ್ಪ ಮಳೆಗಾಲಕ್ಕೆ ಕಳುಸುತ್ತೆ." ಅಪ್ಪ ಒಂದು ವರ್ಷ ತೋಟಲ್ಲಿ ದುಡುದವು. ಮೈಲುತುತ್ತು, ಸುಣ್ಣ ಹದ ಮಾಡಿ ಮದ್ದು ಕಾಸುಲೆ ಕಲ್ತದು, ಅಡಕ್ಕೆ ಸೊಲಿವಲೆ ಕಲ್ತದು, ಆಳುಗಳ ಲೆಕ್ಕ ಬರವಲೆ ಕಲ್ತದು ಎಲ್ಲಾ ಆ ವರ್ಷ. 1972ರಲ್ಲಿ ಪುತ್ತೂರಿಂಗೆ ಹೋಗಿ ಕಾಲೇಜಿಂಗೆ ಸೇರಿದವು. ಮಾರನೇ ವರ್ಷ, 1973ರ ಜುಲೈಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನಲ್ಲಿ ಕ್ಯಾಂಪ್ಕೋ ಸುರು ಆತು, ಬೆಳೆಗಾರರ ಅಡಕ್ಕೆಯ ಬೆಳೆಗಾರರ ಸಂಸ್ಥೆಯೇ ತೆಕ್ಕೊಂಬಲೆ ಸುರು ಮಾಡಿತ್ತು. "ಅದು ಎರಡು ವರ್ಷ ಮದಲು ಬಂದಿದ್ದರೆ ಆನು ಎರಡು ವರ್ಷ ಮದಲೇ ಮೇಷ್ಟ್ರ ಆವ್ತಿತ್ತೆ" ಹೇಳಿ ಅಪ್ಪ ಈಗಳೂ ತಪ್ಪು ಲೆಕ್ಕ ಹೇಳುದಿದ್ದು. ತಡವಾದ್ದು ಒಂದೇ ವರ್ಷ.

ಇನ್ನು ಅಕ್ಕ. ಅಕ್ಕ ಎಸ್ಸೆಸ್ಸೆಲ್ಸಿ ಪಾಸಾದ್ದು 1995ರಲ್ಲಿ, ಫಸ್ಟ್ ಕ್ಲಾಸಿಲಿ. ಆ ಎಪ್ರಿಲಿಲಿ ಅಬ್ಬೆಗೆ ಬೆನ್ನಿನ ಆಪರೇಶನ್ ಆತು. ಅಜ್ಜಿಗೆ ಕಣ್ಣು ಕಾಣ. ಆನು ಏಳನೇ ಕ್ಲಾಸಿನ ಕೂಸು. "ಒಂದು ವರ್ಷ ಮನೆಲಿ ಇರು, ಅಬ್ಬೆ ಎದ್ದು ನೆಡದ ಮೇಲೆ ಕಳುಸುವ" ಹೇಳಿದವು ಅಪ್ಪ. ಅಕ್ಕ ಇತ್ತು. ಉದಿಯಪ್ಪಗ ನಾಕೂವರೆಗೆ ಎದ್ದು ದನ ಕರದು, ಒಲಗೆ ಕಿಚ್ಚು ಹಾಕಿ, ಎಂಗೊಗೆ ತಿಂಡಿ ಮಾಡಿ, ಆಳುಗೊಕ್ಕೆ ಅಶನ ಮಾಡಿ. ಅಬ್ಬೆ ಆರು ತಿಂಗಳಿಲಿ ಎದ್ದು ನೆಡದತ್ತು. 1996ರ ಜೂನು ಬಂತು. ಆರೂ ಬೇಡ ಹೇಳಿದ್ದವಿಲ್ಲೆ, ಆರೂ ಹೋಗು ಹೇಳಿಯೂ ಹೇಳಿದ್ದವಿಲ್ಲೆ. ಕಾಲೇಜು ಸುರು ಆಗಿ ಹೋತು. ಮತ್ತೆ ಹೊಲಿಗೆ ಕ್ಲಾಸು, ಮತ್ತೆ ಜಾತಕ, ಮತ್ತೆ ಮದುವೆ. ಅಪ್ಪನ ವರ್ಷಕ್ಕೆ ನೆಂಟ್ರು ಹೇಳುದು "ತೋಟ ನೋಡಿಯೊಂಡಿತ್ತಿದ್ದ" ಹೇಳಿ. ಅಕ್ಕನ ವರ್ಷಕ್ಕೆ ಹೇಳುದು "ಮನೆಲಿ ಕೂದೊಂಡಿತ್ತು" ಹೇಳಿ. ಕೂದದರ ಆನು ನೋಡಿದ್ದಿಲ್ಲೆ.

ಆನು ಕಾಲೇಜಿಂಗೆ ಹೋದೆ. ಬಸ್ಸಿಂಗೆ ಹೋಪಲೆ ಆರೂವರೆಗೆ ಹೆರಡುವಗ ಬುತ್ತಿ ಕಟ್ಟಿ ಕೊಟ್ಟೊಂಡಿದ್ದದು ಅಕ್ಕ. ದೋಸೆ ಕರಂಚಿದ್ದು ಎಂತಕೆ ಹೇಳಿ ಈಗ ಗೊಂತಾತಲ್ಲದೋ ನಿಂಗೊಗೆ?

ಈಗಾಣ ಕಾಲಲ್ಲಿ ನಮ್ಮ ಮಕ್ಕೊ ಒಂದು ವರ್ಷ ಬಿಡುದಿದ್ದರೆ ಹೆಚ್ಚಾಗಿ ನೀಟಿಂಗೆ ಬೇಕಾಗಿ. ರಿಪೀಟರ್ಸ್ ಬ್ಯಾಚು ಹೇಳಿ ಹಾಸ್ಟೆಲಿಲಿ ಹಾಕುದು. ಜಪಾನಿಲಿ ಹೀಂಗೆ ಪರೀಕ್ಷೆಗೆ ಬೇಕಾಗಿ ವರ್ಷ ಕಳೆತ್ತ ಮಕ್ಕಳ ರೋನಿನ್ ಹೇಳ್ತವಡ, ಒಡೆಯ ಇಲ್ಲದ್ದ ಸಮುರಾಯಿ ಹೇಳಿ ಅರ್ಥ. ಅದು ಎಡೆ ಅಲ್ಲ, ಅದೇ ದಾರಿಲಿ ಮತ್ತೊಂದರಿ ನೆಡವದು. ಬೇಕಾದವಕ್ಕೆ ಅದೂ ತಪ್ಪಲ್ಲ. ಆದರೆ ಸುಮ್ಮನೆ ಒಂದು ವರ್ಷ ಬಿಟ್ಟವಂಗೆ ನಮ್ಮಲ್ಲಿ ಇನ್ನೊಂದು ಉಪದ್ರ ಇದ್ದು: ಗ್ಯಾಪ್ ಸರ್ಟಿಫಿಕೇಟು. ಮಾರನೇ ವರ್ಷ ಸೇರ್ಲೆ ಹೋದರೆ ಸುಮಾರು ಕಾಲೇಜಿಲಿ, ಈ ಒಂದು ವರ್ಷ ಬೇರೆ ಎಲ್ಲಿಯೂ ಸೇರಿದ್ದಿಲ್ಲೆ ಹೇಳಿ ಸ್ಟಾಂಪು ಪೇಪರಿಲಿ ಬರದು ನೋಟರಿಯ ಹತ್ರೆ ಮೊಹರು ಹಾಕ್ಸಿ ತನ್ನಿ ಹೇಳ್ತವು. ಎಂತ ಮಾಡಿದ್ದೆ ಹೇಳಿ ಕೇಳ್ತವಿಲ್ಲೆ, ಎಂತದೂ ಮಾಡಿದ್ದಿಲ್ಲೆ ಹೇಳುಲೆ ಪ್ರಮಾಣ ಮಾಡೆಕ್ಕು! ಸೀಟು ಕಾದು ಮಡುಗುವ ಅಭ್ಯಾಸವೂ ಇಲ್ಲಿ ಕಮ್ಮಿ. ಹಾಂಗಾಗಿ ಆಚ ಕರೆಯ ನಾವೇ ಕಟ್ಟೆಕ್ಕಾವ್ತು.

ಎಂಗೊ ಮೂರೂ ಜೆನ ಒಂದು ವಾರ ಮಾತಾಡಿದೆಯೊ, ಎರಡು ದಿನ ಮಾತಾಡದ್ದೆಯೂ ಇತ್ತಿದ್ದೆಯೊ. ಅಕೇರಿಗೆ ಇವು ಮೂರು ಸಂಗತಿ ಹೇಳಿದವು. ಮಾರ್ಕ್ಸ್ ಕಾರ್ಡು, ಟಿಸಿ ಎಲ್ಲ ಈಗಳೇ ತಂದು ಜಾಗ್ರತೆ ಮಡುಗೆಕ್ಕು. ಬಪ್ಪ ವರ್ಷದ ಸಿಇಟಿಗೆ ಅರ್ಜಿ ಕರದ ದಿನವೇ ಹಾಕೆಕ್ಕು, ಬರೆಕ್ಕು. ಫೀಸಿಂಗೆ ಹೇಳಿ ತೆಗದು ಮಡಗಿದ ಪೈಸೆಯ ಬೇರೆ ಎಂತಕ್ಕೂ ಮುಟ್ಲಾಗ. ಅಕೇರಿಯಾಣದ್ದು ಮಗಳಿಂಗೆ ಅಲ್ಲ, ಎಂಗೊಗೆ. ಆನು ಒಂದು ಸೇರ್ಸಿದೆ: "ಅಲ್ಲಿ ಅಡಿಗೆ ಕೆಲಸಕ್ಕೆ ಜೆನ ಇಲ್ಲೆ ಹೇಳಿ ನಿನ್ನ ನಿಲ್ಸಿದ್ದಲ್ಲ. ಅಡಿಗೆಗೆ ಸೇರು, ಆದರೆ ನೀನು ಹೋಪದು ಸೊಸೈಟಿಗೆ, ಹಟ್ಟಿಗೆ. ಡಾಕ್ಟ್ರ ದನ ನೋಡ್ಲೆ ಬಪ್ಪಗ ಒಟ್ಟಿಂಗೆ ನಿಲ್ಲು. ಆರು ತಿಂಗಳಪ್ಪಗ ಇದು ಬೇಡ ಹೇಳಿ ಕಂಡರೆ ಅದನ್ನೂ ಹೇಳು."

ಕಳುದ ವಾರ ಅದರ ಬಿಡ್ಲೆ ಹೇಳಿ ಅಪ್ಪನ ಮನೆಗೆ ಹೋದೆಯೊ. ಅಜ್ಜನ ತಿಥಿಯೂ ಇತ್ತು, ಅಕ್ಕನೂ ಬಂದಿತ್ತು. ಮಜ್ಜಾನ ಊಟ ಕಳುದು ಎಲ್ಲೋರು ಜೆಗಿಲಿಲಿ ಕೂದಿಪ್ಪಗ ಅಪ್ಪ ಒಳಂದ ಹಳೇ ಲೆಕ್ಕದ ಪುಸ್ತಕ ತಂದವು. ಅಜ್ಜನ ಪುಸ್ತಕ, ಕೆಂಪು ಬೈಂಡು, ಕರೆ ಎಲ್ಲ ಹುಳು ತಿಂದದು. 1971ರ ಪುಟಲ್ಲಿ ಅಡಕ್ಕೆ ಮಾರಿದ ಲೆಕ್ಕದ ಅಡಿಲಿ ಅಜ್ಜನ ಅಕ್ಷರಲ್ಲಿ ಒಂದು ಗೆರೆ: ಬಪ್ಪ ವರ್ಷ ಮಾಣಿಯ ಕಾಲೇಜಿಂಗೆ ಹೇಳಿ, ಅದರ ಎದುರು ತೆಗದು ಮಡಗಿದ ಪೈಸೆ. ಎರಡು ತಿಂಗಳಿಂಗೊಂದರಿ ರಜ ರಜ ಸೇರ್ಸಿದ್ದವು. ಒಂದು ಪುಟಲ್ಲಿ ಎರಡೇ ರುಪಾಯಿ.

ಅಪ್ಪ ಪುಳ್ಳಿಗೆ ಅದರ ಹೆಮ್ಮೆಲಿ ತೋರ್ಸಿದವು. ಮಗಳು ಪುಟ ಮೊಗಚ್ಚಿ ನೋಡಿತ್ತು. ಮತ್ತೆ ಕೇಳಿತ್ತು, ಕೆಟ್ಟ ಮನಸ್ಸಿಂದ ಅಲ್ಲ, ಗೊಂತಿಲ್ಲದ್ದೆ ಕೇಳಿದ್ದು: "ಅಜ್ಜಾ, ದೊಡ್ಡಮ್ಮನ ಕಾಲೇಜಿಂದು ಏವ ಪುಸ್ತಕಲ್ಲಿದ್ದು?"

1995ರ ಲೆಕ್ಕ ಬರದ್ದು ಅಜ್ಜ ಅಲ್ಲ, ಅಪ್ಪ. ಆ ಪುಸ್ತಕ ಅದೇ ಕಪಾಟಿಲಿ ಇದ್ದು. ಅಬ್ಬೆಯ ಆಸ್ಪತ್ರೆ ಖರ್ಚು ಇಕ್ಕು ಅದರಲ್ಲಿ, ಹಟ್ಟಿ ರಿಪೇರಿ ಇಕ್ಕು, ಎನ್ನ ಶಾಲೆ ಫೀಸೂ ಇಕ್ಕು. ಅಪ್ಪ ಎದ್ದು ಹೋಗಿ ಹುಡ್ಕಿದ್ದವಿಲ್ಲೆ. ಕನ್ನಡ್ಕ ತೆಗದು ವಸ್ತ್ರದ ಕೊಡಿಲಿ ಉದ್ದಿದವು. ಅಕ್ಕ ಬಚ್ಚಿರೆ ತಟ್ಟೆಂದ ಒಂದು ಅಡಕ್ಕೆ ಹೋಳು ತೆಗದು ಕೈಲಿ ಮಡಿಕ್ಕೊಂಡತ್ತು, ಬಾಯಿಗೆ ಹಾಕಿದ್ದಿಲ್ಲೆ.

ರಜ ಹೊತ್ತು ಕಳುದು ಅಪ್ಪ ಈ ವರ್ಷದ ಪುಸ್ತಕ ತಂದವು. ಪೆನ್ನು ಬಿಡ್ಸಿ ನಿಧಾನಲ್ಲಿ ಬರದವು: ಬಪ್ಪ ವರ್ಷ ಪುಳ್ಳಿಯ ಕಾಲೇಜಿಂಗೆ. ಎದುರು ಒಂದು ಮೊತ್ತ ಬರದು, ಪುಸ್ತಕವ ಮುಚ್ಚುಲೆ ಹೆರಟವು.

"ತಾರೀಕುದೇ ಹಾಕಿ ಅಪ್ಪ" ಹೇಳಿತ್ತು ಅಕ್ಕ.

ಅಪ್ಪ ಪುಸ್ತಕವ ಪುನಃ ಬಿಡ್ಸಿ, ತಾರೀಕು ಹಾಕಿದವು.